ಐದು ಬೆರಳಿನ ಕಳ್ಳನಿಗೊಂದು ಚಿಲಕ

ಮನೆಯ ಕಸದ ಡಬ್ಬಿಗೆ ಚಿಲಕ ಬೇಕೆಂಬ ಮಾತು ಮೊದಲ ಕೇಳ್ವಿಗೆ ನಗೆ ತರಿಸುವಂಥದ್ದೇ ಆದರೂ, ಕೆನಡಾದ ಅತಿ ದೊಡ್ಡ ನಗರವಾದ ಟೊರಾಂಟೊದಲ್ಲಿ ಅದು ಟೆಂಡರು, ವಿಶ್ವವಿದ್ಯಾಲಯದ ಪ್ರಯೋಗ, ಮೇಯರ್ ಕರೆದ ಪತ್ರಿಕಾಗೋಷ್ಠಿ ಮತ್ತು ಸುಮಾರು 3.1 ಕೋಟಿ ಡಾಲರ್‌ಗಳ ಗುತ್ತಿಗೆ ಇವೆಲ್ಲವನ್ನೂ ಒಳಗೊಂಡ ಗಂಭೀರ ಸಾರ್ವಜನಿಕ ಕಾರ್ಯವಾಗಿ ಬೆಳೆಯಿತು. ಇಷ್ಟು ಸಿದ್ಧತೆ ನಡೆದದ್ದು ಬೆಕ್ಕಿಗಿಂತ ದಪ್ಪಗಿನ, ಕಣ್ಣಿನ ಸುತ್ತ ಕಪ್ಪು ಪಟ್ಟಿಯೂ ಬಾಲದ ತುಂಬ ಉಂಗುರಗಳೂ ಇರುವ, ಹಗಲೆಲ್ಲ ಮಲಗಿ ರಾತ್ರಿ ತಿರುಗುವ ರಕೂನ್ ಎಂಬ ಪ್ರಾಣಿಯೊಂದರ ವಿರುದ್ಧ. ಕಸದ ಡಬ್ಬಿಯ ಮುಂದೆ ಮನುಷ್ಯನಿಗೂ ರಕೂನಿಗೂ ನಡೆಯುತ್ತಿರುವ ಈ ಪೈಪೋಟಿಯನ್ನು ಬುದ್ಧಿವಂತಿಕೆಯ ಪೈಪೋಟಿಯೆಂದು ಪತ್ರಿಕೆಗಳು ಬಣ್ಣಿಸುತ್ತ ಬಂದಿವೆ. ಸ್ವಲ್ಪ ಹತ್ತಿರದಿಂದ ನೋಡಿದರೆ ಅದು ಬಹುಮಟ್ಟಿಗೆ ಎರಡು ಬಗೆಯ ಕೈಗಳ ನಡುವಿನ ಪೈಪೋಟಿ.

ರಕೂನ್ ಭಾರತದಲ್ಲಿ ಇಲ್ಲದ ಪ್ರಾಣಿಯಾದ್ದರಿಂದ ಕನ್ನಡದಲ್ಲಿ ಅದಕ್ಕೆ ಹೆಸರೂ ಇಲ್ಲ. ಹಂಚಿನ ಮನೆಗಳ ಅಟ್ಟ ಸೇರುವ ಪುನುಗಿನ ಬೆಕ್ಕನ್ನು ಅದು ಕೆಲಮಟ್ಟಿಗೆ ನೆನಪಿಸುವುದು ನಿಜವಾದರೂ ಅವೆರಡಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ರಕೂನ್ ಮೂಲತಃ ಅಮೆರಿಕ ಖಂಡಗಳಿಗಷ್ಟೇ ಸೀಮಿತವಾದ ಬೇರೆಯೇ ಒಂದು ಕುಟುಂಬಕ್ಕೆ ಸೇರಿದ್ದು. ಅದರ ಇಂಗ್ಲಿಷ್ ಹೆಸರು ಉತ್ತರ ಅಮೆರಿಕದ ಮೂಲನಿವಾಸಿಗಳಾದ ಪೊವಾಟನ್ ಜನರ ಭಾಷೆಯಿಂದ ಬಂದಿದ್ದು, ಕೈಗಳಿಂದ ಉಜ್ಜುವುದು, ಕೆರೆಯುವುದು ಎಂಬ ಅರ್ಥ ಅದರ ಮೂಲದಲ್ಲಿದೆಯೆಂದು ಭಾಷಾತಜ್ಞರು ಹೇಳುತ್ತಾರೆ. ವೈಜ್ಞಾನಿಕ ಹೆಸರಾದ ಪ್ರೊಸಿಯಾನ್ ಲೋಟರ್ ಎಂಬುದರಲ್ಲಿ ಎರಡನೆಯ ಪದಕ್ಕೆ ಲ್ಯಾಟಿನ್‌ನಲ್ಲಿ ತೊಳೆಯುವವನು ಎಂದರ್ಥ. ಜರ್ಮನರೂ ಜಪಾನೀಯರೂ ತಮ್ಮ ತಮ್ಮ ಭಾಷೆಗಳಲ್ಲಿ ಇದನ್ನು ತೊಳೆಯುವ ಕರಡಿ ಎಂದೇ ಕರೆಯುತ್ತಾರೆ. ಸಾಕಿದ ರಕೂನ್ ಸಿಕ್ಕ ತಿಂಡಿಯನ್ನು ನೀರಿನಲ್ಲಿ ಅದ್ದಿ ಅದ್ದಿ ಹೊರಳಿಸುವುದನ್ನು ಕಂಡವರು ಅದಕ್ಕೆ ಮಡಿವಂತಿಕೆಯನ್ನು ಆರೋಪಿಸಿದರು. ಶುಚಿತ್ವಕ್ಕೂ ಈ ಅಭ್ಯಾಸಕ್ಕೂ ಸಂಬಂಧವಿಲ್ಲ, ಏಕೆಂದರೆ ಹಳ್ಳದ ಕಲ್ಲುಗಳ ಸಂದಿಯಲ್ಲಿ ಸಿಗಡಿ, ಏಡಿಗಳನ್ನು ಕಣ್ಣಿನಿಂದಲ್ಲ, ಕೈಯಿಂದ ತಡಕಿ ಹುಡುಕುವ ಪ್ರಾಣಿಯ ಹುಟ್ಟುಗುಣ ಅದು.

ಆ ಕೈಯನ್ನೇ ಮೊದಲು ಅರ್ಥಮಾಡಿಕೊಳ್ಳಬೇಕು. ರಕೂನಿನ ಮುಂಗಾಲಿನಲ್ಲಿ ಉದ್ದವಾದ, ಒಂದಕ್ಕೊಂದು ಅಂಟಿಕೊಳ್ಳದ ಐದು ಬೆರಳುಗಳಿದ್ದು, ಕೆಸರಿನಲ್ಲಿ ಅದು ಬಿಟ್ಟುಹೋಗುವ ಗುರುತು ಎಳೆಮಗುವಿನ ಅಂಗೈ ಅಚ್ಚಿನಂತೆಯೇ ಕಾಣುತ್ತದೆ. ಅಂಗೈ ಬೋಳಾಗಿದೆ, ಉಗುರುಗಳ ಬುಡದಲ್ಲಿ ಬೆಕ್ಕಿನ ಮೀಸೆಯಂಥ ಸೂಕ್ಷ್ಮ ಸಂವೇದನೆಯ ಬಿರುಸು ಕೂದಲುಗಳಿದ್ದು, ವಸ್ತುವನ್ನು ಪೂರ್ತಿ ಮುಟ್ಟುವ ಮೊದಲೇ ಅದರ ಇರವನ್ನು ತಿಳಿಸುತ್ತವೆ. ಮಿದುಳಿನ ಹೊರಪದರದಲ್ಲಿ ಸ್ಪರ್ಶಜ್ಞಾನಕ್ಕೆಂದು ಮೀಸಲಾದ ಭಾಗದ ದೊಡ್ಡ ಪಾಲನ್ನು ಈ ಕೈಗಳೇ ಆಕ್ರಮಿಸಿಕೊಂಡಿವೆಯೆಂದೂ, ಒಂದೊಂದು ಬೆರಳಿಗೂ ಅಲ್ಲಿ ಪ್ರತ್ಯೇಕ ಜಾಗವಿದೆಯೆಂದೂ 1950ರ ದಶಕದ ಕೊನೆಯಲ್ಲಿ ನಡೆದ ಅಧ್ಯಯನಗಳು ತೋರಿಸಿಕೊಟ್ಟವು. ಕೈ ಒದ್ದೆಯಾದಾಗ ಚರ್ಮ ಮೆತ್ತಗಾಗಿ ನರಗಳು ಇನ್ನಷ್ಟು ಚುರುಕಾಗುತ್ತವೆ. ಹೀಗೆ ಬೆರಳ ತುದಿಯಲ್ಲೇ ಕಣ್ಣಿಟ್ಟುಕೊಂಡ ಈ ಪ್ರಾಣಿಗೆ ಕತ್ತಲಲ್ಲಿ ಡಬ್ಬಿಯ ಮುಚ್ಚಳದ ಅಂಚನ್ನು ಸವರಿ ಸಡಿಲು ಎಲ್ಲಿದೆಯೆಂದು ಕಂಡುಕೊಳ್ಳುವುದು ಕಷ್ಟದ ಕೆಲಸವೇ ಅಲ್ಲ. ಆದರೆ ಈ ಕೈಗೆ ಒಂದು ಕೊರತೆಯಿದೆ: ಅದರ ಹೆಬ್ಬೆರಳು ಮನುಷ್ಯನದರಂತೆ ಉಳಿದ ಬೆರಳುಗಳಿಗೆ ಎದುರಾಗಿ ಮಡಚಿ ಬರುವುದಿಲ್ಲ. ಆದ್ದರಿಂದ ರಕೂನ್ ಎಳೆಯಬಲ್ಲದು, ಎತ್ತಬಲ್ಲದು, ಮೀಟಬಲ್ಲದು, ಎರಡೂ ಅಂಗೈಗಳ ನಡುವೆ ವಸ್ತುವನ್ನು ಹೊರಳಿಸಬಲ್ಲದು. ಒಂದೇ ಕೈಯಿಂದ ಬಿಗಿಯಾಗಿ ಹಿಡಿದು ತಿರುಗಿಸುವುದು ಮಾತ್ರ ಅದಕ್ಕೆ ಬಲು ಕಷ್ಟ. ಟೊರಾಂಟೊದ ಡಬ್ಬಿಯ ಚಿಲಕ ನಿಂತಿರುವುದು ಮುಖ್ಯವಾಗಿ ಈ ಕೊರತೆಯ ಮೇಲೆ.

ಚಿಲಕಗಳೊಂದಿಗೆ ರಕೂನಿನ ಒಡನಾಟ ಹಳೆಯದು. 1907ರಲ್ಲಿ ಎಚ್. ಬಿ. ಡೇವಿಸ್ ಎಂಬ ಅಮೆರಿಕದ ಮನೋವಿಜ್ಞಾನಿ ಕೊಕ್ಕೆ, ಗುಂಡಿ, ಅಗುಳಿ, ಸನ್ನೆ ಮೊದಲಾದ ಬಗೆಬಗೆಯ ಬಂಧನಗಳುಳ್ಳ ಪೆಟ್ಟಿಗೆಗಳನ್ನು ರಕೂನ್‌ಗಳ ಮುಂದಿಟ್ಟು, ಒಳಗಿನ ತಿಂಡಿಗಾಗಿ ಅವು ಅವನ್ನು ಬಿಚ್ಚುವ ರೀತಿಯನ್ನು ದಾಖಲಿಸಿದನು. ಹದಿಮೂರು ಬಂಧನಗಳಲ್ಲಿ ಹನ್ನೊಂದನ್ನು ಅವು ಬಿಚ್ಚಿದವೆಂಬುದು ಇಂದಿಗೂ ಮತ್ತೆ ಮತ್ತೆ ಉದ್ಧರಿಸಲ್ಪಡುವ ಫಲಿತಾಂಶ. ಆ ಕಾಲದಲ್ಲಿ ರಕೂನ್ ಮನೋವಿಜ್ಞಾನದ ಪ್ರಯೋಗಾಲಯಗಳ ಕಾಯಂ ಪ್ರಾಣಿಯಾಗುವ ಸಾಧ್ಯತೆಯೂ ಇತ್ತು. ಆದರೆ ಪಂಜರವನ್ನು ಕಚ್ಚಿ, ಬಿಚ್ಚಿ, ತಪ್ಪಿಸಿಕೊಂಡು ಕಟ್ಟಡದ ಸಂದುಗೊಂದುಗಳನ್ನು ಸೇರುವ ಪ್ರಾಣಿಯನ್ನು ಸಾಕಿಕೊಂಡು ಸಂಶೋಧನೆ ನಡೆಸುವುದು ಯಾರಿಗೂ ಒಗ್ಗಲಿಲ್ಲವಾಗಿ, ಹೇಳಿದಂತೆ ಕೇಳುವ ಬಿಳಿ ಇಲಿಗೆ ಆ ಸ್ಥಾನ ಹೋಯಿತು. ಪ್ರಯೋಗಾಲಯ ಕೈಬಿಟ್ಟ ಪ್ರಯೋಗವನ್ನು ಊರಿನ ಹಿತ್ತಲುಗಳು ಮುಂದುವರಿಸಿದವೆನ್ನಬೇಕು.

ಹಿತ್ತಲುಗಳಿಗೆ ಅದು ಬಂದದ್ದಾದರೂ ಏಕೆ ಎಂಬುದಕ್ಕೆ ಉತ್ತರ ಸರಳ. ಹಣ್ಣು, ಕಾಯಿ, ಹುಳು, ಮೊಟ್ಟೆ, ಮೀನು, ಮಾಂಸ ಏನನ್ನಾದರೂ ತಿನ್ನುವ ಸರ್ವಾಹಾರಿಗೆ, ಮರದ ಪೊಟರೆಯಷ್ಟೇ ಸಲೀಸಾಗಿ ಹೊಗೆಕೊಳವೆಯನ್ನೂ ಮಾಳಿಗೆಯನ್ನೂ ಗೂಡಾಗಿ ಮಾಡಿಕೊಳ್ಳುವ ಪ್ರಾಣಿಗೆ, ನಗರ ಎಂಬುದು ವರ್ಷವಿಡೀ ಸುಗ್ಗಿಯಿರುವ ಕಾಡು. ಟೊರಾಂಟೊದಲ್ಲಂತೂ ಡಾನ್, ಹಂಬರ್ ನದಿಗಳೂ ಅವುಗಳನ್ನು ಸೇರುವ ಹಳ್ಳಗಳೂ ಕೊರೆದ ಮರಗಳು ತುಂಬಿದ ಕಮರಿಗಳು ನಗರದ ನಡುವೆಯೇ ಹಾದುಹೋಗುವುದರಿಂದ ಕಾಡಿಗೂ ಬೀದಿಗೂ ಅಂತರವೇ ಇಲ್ಲ. ಅಲ್ಲಿನ ಯಾರ್ಕ್ ವಿಶ್ವವಿದ್ಯಾಲಯದ ಪ್ರಾಣಿ ಮನೋವಿಜ್ಞಾನಿ ಸುಜಾನ್ ಮ್ಯಾಕ್‌ಡೊನಾಲ್ಡ್ ಅವರು ಜಿಪಿಎಸ್ ಕೊರಳಪಟ್ಟಿ ತೊಡಿಸಿ ನಡೆಸಿದ ಅಧ್ಯಯನದಲ್ಲಿ, ನಗರದ ರಕೂನ್‌ಗಳು ಕೆಲವೇ ಬೀದಿಗಳಷ್ಟು ಪುಟ್ಟ ವಲಯದೊಳಗೆ ಬದುಕು ಸಾಗಿಸುತ್ತವೆಯೆಂದೂ, ದೊಡ್ಡ ರಸ್ತೆಗಳನ್ನು ಆದಷ್ಟು ದಾಟದೆ ಅವನ್ನೇ ಎಲ್ಲೆಯಾಗಿ ಮಾಡಿಕೊಳ್ಳುತ್ತವೆಯೆಂದೂ ಕಂಡುಬಂತು. ಒಂದು ಕೇರಿಯ ಕಸ ಒಂದೆರಡು ಸಂಸಾರಗಳ ಸ್ವತ್ತು ಎಂದು ಇದರ ತಾತ್ಪರ್ಯ. ಅವರದೇ ಇನ್ನೊಂದು ಪ್ರಯೋಗದಲ್ಲಿ, ಬೈಕಿನ ಹಿಂದೆ ಸಾಮಾನು ಕಟ್ಟಲು ಬಳಸುವಂಥ ಕೊಕ್ಕೆಯುಳ್ಳ ಎಲಾಸ್ಟಿಕ್ ಹಗ್ಗದಿಂದ ಮುಚ್ಚಳ ಬಿಗಿದ ಡಬ್ಬಿಗಳನ್ನು ನಗರದಲ್ಲೂ ಹಳ್ಳಿಗಾಡಿನಲ್ಲೂ ಇಟ್ಟಾಗ, ಹಳ್ಳಿಯ ರಕೂನ್‌ಗಳು ಅವುಗಳ ಹತ್ತಿರ ಸುಳಿಯಲೂ ಅಂಜಿದರೆ ನಗರದವು ಧೈರ್ಯವಾಗಿ ಬಂದು, ಪಟ್ಟುಹಿಡಿದು ಬಿಡಿಸುವ ಪ್ರಯತ್ನ ಮಾಡಿದವು. ಇಲ್ಲಿ ಕಂಡ ವ್ಯತ್ಯಾಸ ಜಾಣತನಕ್ಕಿಂತ ಹೆಚ್ಚಾಗಿ ಧೈರ್ಯದ್ದು ಮತ್ತು ಹಟದ್ದು.

ಡಬ್ಬಿಯ ಕಥೆ 2002ರಲ್ಲಿ ಆರಂಭವಾಗುತ್ತದೆ. ಅಡುಗೆಮನೆಯ ಕಸವನ್ನು ಹೂಳುವ ಬದಲು ಬೇರೆಯಾಗಿ ಸಂಗ್ರಹಿಸಿ ಗೊಬ್ಬರ ಮಾಡಬೇಕೆಂಬ ಉದ್ದೇಶದಿಂದ ಟೊರಾಂಟೊ ನಗರಾಡಳಿತವು ಆ ವರ್ಷ ಹಸಿರು ಡಬ್ಬಿಯ ಯೋಜನೆಯನ್ನು ಜಾರಿಗೆ ತಂದು, ಮುಂದಿನ ಕೆಲವು ವರ್ಷಗಳಲ್ಲಿ ಇಡೀ ನಗರಕ್ಕೆ ವಿಸ್ತರಿಸಿತು. ಬೆಂಗಳೂರಿನ ಮನೆಗಳು ಹಸಿ ಕಸ, ಒಣ ಕಸ ಎಂದು ಬೇರ್ಪಡಿಸುವುದೂ ಹಸಿ ಕಸಕ್ಕೆ ಹಸಿರು ಬುಟ್ಟಿ ಇಡುವುದೂ ಇದೇ ತತ್ತ್ವದ ಮೇಲೆಯೇ. ಅಂತರವೊಂದೇ: ಬೆಂಗಳೂರಿನಲ್ಲಿ ಬೆಳಗ್ಗೆ ಗಾಡಿ ಬಂದಾಗ ಪೌರಕಾರ್ಮಿಕರ ಕೈಗೆ ಬುಟ್ಟಿ ಕೊಡುವುದು ವಾಡಿಕೆಯಾದರೆ, ಟೊರಾಂಟೊದಲ್ಲಿ ಹಸಿ ಕಸ ವಾರಕ್ಕೊಮ್ಮೆ ಮಾತ್ರ ಹೋಗುತ್ತದೆ, ಉಳಿದ ಆರು ದಿನ ಮನೆಯ ಪಕ್ಕದಲ್ಲೇ ಕೂತಿರುತ್ತದೆ. ಕೋಳಿಮೂಳೆ, ಮೀನಿನ ಮುಳ್ಳು, ಹಳಸಿದ ಅನ್ನ, ಚೀಸಿನ ಚೂರು, ಮಗುವಿನ ಡೈಪರ್ ಎಲ್ಲಕ್ಕೂ ಅದರಲ್ಲಿ ಜಾಗವುಂಟು. ಪರಿಸರದ ಕಾಳಜಿಯಿಂದ ಮಾಡಿದ ಈ ವಿಂಗಡಣೆಯ ಒಂದು ಅಡ್ಡ ಪರಿಣಾಮವನ್ನು ಯೋಜಕರು ಸಾಕಷ್ಟು ತೂಗಿ ನೋಡಿರಲಿಲ್ಲವೆಂದು ತೋರುತ್ತದೆ: ಹಿಂದೆ ಕಾಗದ, ಪ್ಲಾಸ್ಟಿಕ್ಕು, ಗಾಜಿನ ನಡುವೆ ಹುಡುಕಿ ತಿನ್ನಬೇಕಿದ್ದ ಆಹಾರ, ಈಗ ಹುಡುಕಾಟದ ಶ್ರಮವೂ ಇಲ್ಲದೆ ಒಂದೇ ಪಾತ್ರೆಯಲ್ಲಿ ಬಡಿಸಿಟ್ಟಂತಾಯಿತು. ಸುಮಾರು 46 ಲೀಟರು ಹಿಡಿಯುತ್ತಿದ್ದ ಆ ಮೊದಲ ಡಬ್ಬಿ ಗಿಡ್ಡವೂ ಹಗುರವೂ ಆಗಿದ್ದು, ಅದನ್ನು ಕೆಳಗೆ ಕೆಡವಿದರೂ ಸಾಕು, ಕೊಂಡಿಯನ್ನು ಮೀಟಿದರೂ ಸಾಕು, ಬಿಚ್ಚಿಕೊಳ್ಳುತ್ತಿತ್ತು. ಬೆಳಗಾದರೆ ಕಾಲುದಾರಿಯ ತುಂಬ ಎಂಜಲು ಹರಡಿಕೊಂಡಿರುವುದು ಮಾಮೂಲಾಯಿತು.

2015ರ ಏಪ್ರಿಲ್‌ನಲ್ಲಿ ಅಂದಿನ ಮೇಯರ್ ಜಾನ್ ಟೋರಿ ಹೊಸ ಮಾದರಿಯ ಡಬ್ಬಿಯನ್ನು ಯುದ್ಧಘೋಷಣೆಯ ಧಾಟಿಯಲ್ಲಿ ಅನಾವರಣಗೊಳಿಸಿದರು. 2016ರಿಂದ ಅದರ ವಿತರಣೆ ಆರಂಭವಾಯಿತು. ಇದರ ರಚನೆಯನ್ನು ತುಸು ವಿವರವಾಗಿ ನೋಡುವುದು ಅವಶ್ಯ, ಏಕೆಂದರೆ ಒಳ್ಳೆಯ ಬೀಗವನ್ನು ಮಾಡುವುದು ದೊಡ್ಡ ವಿಷಯವಲ್ಲ, ಬೀಗವನ್ನು ಯಾರಿಗೆ ಬಿಗಿಯಾಗಿಯೂ ಯಾರಿಗೆ ಸಡಿಲವಾಗಿಯೂ ಇಡಬೇಕೆಂಬುದೇ ತೊಡಕಿನ ಸಂಗತಿ. ಈ ಮುಚ್ಚಳ ಮೂರು ಬಗೆಯ ಕೈಗಳಿಗೆ ಉತ್ತರ ಕೊಡಬೇಕಿತ್ತು. ಮೊದಲನೆಯದು ಮನೆಯವರ ಕೈ: ಕೀಲುನೋವಿನ ಅಜ್ಜಿಯೂ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ದಪ್ಪ ಕೈಗವಸು ತೊಟ್ಟವರೂ ಅದನ್ನು ಸುಲಭವಾಗಿ ತೆರೆಯುವಂತಿರಬೇಕು. ಎರಡನೆಯದು ಕಸದ ಲಾರಿಯ ಕಬ್ಬಿಣದ ಕೈ: ಬೆರಳೇ ಇಲ್ಲದ ಆ ಯಂತ್ರ ಡಬ್ಬಿಯನ್ನು ಅಪ್ಪಿ ಎತ್ತಿ ಬೋರಲು ಹಾಕಿದಾಗ ಮುಚ್ಚಳ ತಾನಾಗಿ ತೆರೆದುಕೊಳ್ಳಬೇಕು. ಮೂರನೆಯ ಕೈಗೆ ಮಾತ್ರ ತೆರೆಯಬಾರದು.

ವಿನ್ಯಾಸಕಾರರು ಕಂಡುಕೊಂಡ ದಾರಿ ಹೀಗಿದೆ. ಮುಚ್ಚಳಕ್ಕೆ ಮನುಷ್ಯ ಹಿಡಿದು ತಿರುಗಿಸಬೇಕಾದ ಹಿಡಿಯೊಂದನ್ನು ಅಳವಡಿಸಿದರು. ತಿರುಗಿಸಲು ಬೇಕಾದ ಹಿಡಿತ ರಕೂನಿನ ಹೆಬ್ಬೆರಳಿಗೆ ಎಟುಕದು. ಒಳಗಿನ ಅಗುಳಿಯನ್ನು ತೂಕದ ಬಲದಿಂದ ಚಲಿಸುವಂತೆ ಮಾಡಿ, ಡಬ್ಬಿ ನೆಲಕ್ಕೆ ಮಲಗುವಷ್ಟು ಬಾಗಿದರೂ ಬಿಡದೆ, ಅದನ್ನೂ ಮೀರಿ ತಲೆಕೆಳಗಾಗುವತ್ತ ಹೊರಳಿದಾಗ ಮಾತ್ರ ಕಳಚಿಕೊಳ್ಳುವಂತೆ ಜೋಡಿಸಿದರು. ಲಾರಿ ಡಬ್ಬಿಯನ್ನು ಬೋರಲು ಹಾಕಬಲ್ಲದು, ರಕೂನ್ ಹೆಚ್ಚೆಂದರೆ ಕೆಡವಬಲ್ಲದು ಎಂಬ ಲೆಕ್ಕಾಚಾರ ಇದರ ಹಿಂದಿನದು. ಡಬ್ಬಿಯ ಅಳತೆಯನ್ನೂ ಸುಮಾರು 100 ಲೀಟರಿಗೆ ಏರಿಸಿ, ದೊಡ್ಡ ಚಕ್ರಗಳನ್ನು ಕೊಟ್ಟು, ಬೀಳಿಸಲು ಕಷ್ಟವಾಗುವಂತೆ ಮಾಡಲಾಯಿತು. ಮ್ಯಾಕ್‌ಡೊನಾಲ್ಡ್ ಅವರು ವಾಸನೆ ಸೂಸುವ ತಿಂಡಿ ತುಂಬಿದ ಮಾದರಿಗಳನ್ನು ಹಿತ್ತಲುಗಳಲ್ಲಿಟ್ಟು ರಾತ್ರಿ ಕ್ಯಾಮೆರಾಗಳಿಂದ ಗಮನಿಸಿದಾಗ, ಹತ್ತಿ, ಜಗ್ಗಿ, ಕೆಡವಿ ಹೋದ ಪ್ರಾಣಿಗಳಲ್ಲಿ ಒಂದೂ ಅದನ್ನು ತೆರೆಯಲಿಲ್ಲ.

ಇದೇ ಬಗೆಯ ಸಮಸ್ಯೆಗೆ ಬೇರೆಡೆ ಬೇರೆ ಉತ್ತರಗಳಿವೆ. ಅಮೆರಿಕದ ಯೆಲ್ಲೊಸ್ಟೋನ್ ಪ್ರದೇಶದಲ್ಲಿ ಕರಡಿ ಮುಟ್ಟದ ಡಬ್ಬಿಗಳನ್ನು ನಿಜವಾದ ಗ್ರಿಜ್ಲಿ ಕರಡಿಗಳ ಮುಂದಿಟ್ಟು, ನಿಗದಿತ ಹೊತ್ತು ಅವುಗಳ ಬಡಿತ, ಕಡಿತ, ತುಳಿತಗಳನ್ನು ತಾಳಿಕೊಂಡವುಗಳಿಗಷ್ಟೇ ಮಾನ್ಯತೆ ಕೊಡುತ್ತಾರೆ; ಅಲ್ಲಿ ಪರೀಕ್ಷೆ ಉಕ್ಕಿನ ದಪ್ಪದ್ದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹಳದಿ ಜುಟ್ಟಿನ ಬಿಳಿ ಕಾಕಟೂ ಗಿಳಿಗಳು ಕಸದ ಡಬ್ಬಿಯ ಮುಚ್ಚಳವನ್ನು ಕೊಕ್ಕಿನಿಂದೆತ್ತಿ ಅಂಚಿನ ಮೇಲೆ ನಡೆಯುತ್ತ ಹಿಂದಕ್ಕೆ ತಳ್ಳುವ ವಿದ್ಯೆಯನ್ನು ಕಲಿತವು. 2018ಕ್ಕೆ ಮೊದಲು ಮೂರೇ ಬಡಾವಣೆಗಳಲ್ಲಿ ಕಂಡಿದ್ದ ಈ ವಿದ್ಯೆ 2019ರ ಕೊನೆಗೆ 44 ಬಡಾವಣೆಗಳಿಗೆ ಹಬ್ಬಿತ್ತೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಮನೆಯವರು ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟರು, ಗಿಳಿಗಳು ಇಟ್ಟಿಗೆಯನ್ನೇ ನೂಕಿ ಬೀಳಿಸಿದವು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ಗಿಳಿಗಳು ಗುಂಪಿನಲ್ಲಿ ಬದುಕುವ, ಒಂದನ್ನು ನೋಡಿ ಇನ್ನೊಂದು ಕಲಿಯುವ ಜಾತಿ. ರಕೂನ್ ಬಹುಪಾಲು ಒಂಟಿ ಜೀವಿ. ತಾಯಿ ಮರಿಗಳು ಮಾತ್ರ ಕೆಲವು ತಿಂಗಳು ಜೊತೆಗಿರುತ್ತವೆಯಾಗಿ, ಒಂದು ಪ್ರಾಣಿ ಕಂಡುಕೊಂಡ ಉಪಾಯ ಊರೆಲ್ಲ ಹಬ್ಬುವುದು ಅಷ್ಟು ಸುಲಭವಲ್ಲ. ನಗರಾಡಳಿತದ ಪಾಲಿಗೆ ಇದೇ ಒಂದು ಸಮಾಧಾನ.

ಆ ಸಮಾಧಾನಕ್ಕೂ 2018ರಲ್ಲಿ ಸಣ್ಣ ಪೆಟ್ಟು ಬಿತ್ತು. ಹೆಣ್ಣು ರಕೂನೊಂದು ಡಬ್ಬಿಯನ್ನು ಕೆಡವಿ, ಮಲಗಿದ ಡಬ್ಬಿಯ ಹಿಡಿಯನ್ನು ಎರಡೂ ಕೈಗಳಿಂದ ಒತ್ತಿ ತಿರುಗಿಸಿ ತೆರೆದದ್ದು ಕ್ಯಾಮೆರಾದಲ್ಲಿ ದಾಖಲಾಗಿ, ಆ ಬೇಸಗೆಯಲ್ಲಿ ಟೊರಾಂಟೊ ಸ್ಟಾರ್ ಪತ್ರಿಕೆಯ ದೊಡ್ಡ ವರದಿಯಾಯಿತು. ಬಲವಾದ ಒಂದು ಕೈ ಇಲ್ಲದಿದ್ದರೇನು, ಡಬ್ಬಿ ನೆಲದ ಮೇಲಿದ್ದಾಗ ಎರಡು ಕೈಗಳನ್ನೂ ಮೈಭಾರವನ್ನೂ ಬಳಸಬಹುದಷ್ಟೆ. ಇದಕ್ಕೆ ಸ್ವಾರಸ್ಯಕರವಾದ ಹೋಲಿಕೆಯೊಂದು ಅದರ ಹಿಂದಿನ ವರ್ಷವೇ ಪ್ರಕಟವಾದ ಪ್ರಯೋಗವೊಂದರಲ್ಲಿ ಸಿಗುತ್ತದೆ. ಬಾಯಾರಿದ ಕಾಗೆ ಹೂಜಿಗೆ ಕಲ್ಲು ಹಾಕಿ ನೀರನ್ನು ಮೇಲೆ ತಂದ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಅಮೆರಿಕದ ಸಂಶೋಧಕರು ನೀರು ತುಂಬಿದ ಕೊಳವೆಯಲ್ಲಿ ತಿಂಡಿ ತೇಲಿಬಿಟ್ಟು, ಪಕ್ಕದಲ್ಲಿ ಕಲ್ಲುಗಳನ್ನಿಟ್ಟು, ಎಂಟು ರಕೂನ್‌ಗಳಿಗೆ ಅದೇ ಪರೀಕ್ಷೆಯನ್ನು ಒಡ್ಡಿದರು. ಎರಡು ಮಾತ್ರ ಕಾಗೆಯ ದಾರಿ ಹಿಡಿದು ಕಲ್ಲು ಹಾಕುವುದನ್ನು ಕಲಿತವು. ಇನ್ನೊಂದು ರಕೂನ್ ಕೊಳವೆಯ ಮೇಲೆ ಹತ್ತಿ, ಅತ್ತಿತ್ತ ತೂಗಾಡಿ, ಇಡೀ ಸಲಕರಣೆಯನ್ನೇ ಉರುಳಿಸಿ ತಿಂಡಿ ತಿಂದುಬಿಟ್ಟಿತು. ಪ್ರಶ್ನೆಗೆ ಉತ್ತರ ಬರೆಯುವ ಬದಲು ಪ್ರಶ್ನೆಪತ್ರಿಕೆಯನ್ನೇ ಮಗುಚಿಹಾಕುವ ಈ ಸ್ವಭಾವವನ್ನು ಯಾವ ಚಿಲಕವೂ ಪೂರ್ತಿಯಾಗಿ ಮುಂಗಾಣಲಾರದು.

ಹಾಗಿದ್ದೂ ಡಬ್ಬಿ ಸೋತಿತೆನ್ನುವುದು ತಪ್ಪು. ಡಬ್ಬಿ ತೆರೆದು ರಕೂನ್ ಹಬ್ಬ ಮಾಡಿದ ಬೆಳಗ್ಗೆಗಳ ಹಿಂದೆ ಅದರ ಕೈಚಳಕಕ್ಕಿಂತ ಮನೆಯವರ ಮರೆವೇ ಹೆಚ್ಚಾಗಿರುತ್ತದೆ. ಹಿಡಿಯನ್ನು ಪೂರ್ತಿ ತಿರುಗಿಸದೆ ಬಿಡುವುದು, ಚೀಲಗಳನ್ನು ಒತ್ತೊತ್ತಿ ತುಂಬಿ ಮುಚ್ಚಳ ಒಂದಿಂಚು ಎದ್ದು ನಿಲ್ಲುವಂತೆ ಮಾಡುವುದು, ವರ್ಷಗಟ್ಟಲೆ ಬಳಕೆಯಿಂದ ಸಡಿಲಾದ ಹಿಡಿಯನ್ನು ಬಿಗಿಗೊಳಿಸದಿರುವುದು, ಇವು ರಕೂನಿಗೆ ಬರೆದುಕೊಟ್ಟ ಆಹ್ವಾನಪತ್ರಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು. ಕಸ ಒಯ್ಯುವ ದಿನ ಬೆಳಗ್ಗೆ ಏಳರೊಳಗೆ ಡಬ್ಬಿ ರಸ್ತೆಯಂಚಿನಲ್ಲಿರಬೇಕು, ಹಿಂದಿನ ರಾತ್ರಿ ಎಂಟಕ್ಕೆ ಮೊದಲು ಇಡಕೂಡದು ಎಂಬುದು ನಗರದ ನಿಯಮ. ಬೆಳಗಿನ ಚಳಿಗೆ ಹೆದರಿ ಬಹುತೇಕರು ರಾತ್ರಿಯೇ ಇಡುತ್ತಾರೆ, ರಕೂನಿನ ಹಗಲು ಶುರುವಾಗುವುದೂ ಆಗಲೇ. ಇದನ್ನು ಬಲ್ಲ ಗೃಹಿಣಿಯರು ಮಾಂಸ ಮೀನಿನ ಉಳಿಕೆಯನ್ನು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟು, ಲಾರಿ ಬರುವ ಬೆಳಗ್ಗೆಯಷ್ಟೇ ಡಬ್ಬಿಗೆ ಹಾಕುತ್ತಾರೆ. ವಾಸನೆಯೇ ಇಲ್ಲದ ಡಬ್ಬಿಯ ಮುಂದೆ ಯಾವ ರಕೂನೂ ಹೊತ್ತು ಕಳೆಯುವುದಿಲ್ಲ. ಗ್ಯಾರೇಜು ಇರುವವರು ವಾರವಿಡೀ ಡಬ್ಬಿಯನ್ನು ಒಳಗಿಡುತ್ತಾರೆ. ಇಲ್ಲದವರು ಅದನ್ನು ಗೋಡೆಗೆ ಆನಿಸಿ ಕಟ್ಟುತ್ತಾರೆ, ಕೆಡವಲಾಗದ ಡಬ್ಬಿಯನ್ನು ತೆರೆಯುವುದು ಬಲು ಕಷ್ಟವಾದ್ದರಿಂದ ಇದು ಯುಕ್ತವಾದ ಕ್ರಮವೇ; ಆದರೆ ಕಟ್ಟಿದ ಹಗ್ಗವನ್ನು ಲಾರಿ ಬರುವ ಮುನ್ನ ಬಿಚ್ಚುವ ನೆನಪಿರಬೇಕು. ಮೆಣಸಿನ ಪುಡಿ, ಅಮೋನಿಯ, ರಾತ್ರಿಯಿಡೀ ಹಾಡುವ ರೇಡಿಯೋ ಮೊದಲಾದ ಮನೆಮದ್ದುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: ಮೊದಲ ರಾತ್ರಿ ಅನುಮಾನ, ನಾಲ್ಕನೆಯ ರಾತ್ರಿಗೆ ಅಭ್ಯಾಸ.

ಹಿಡಿದು ದೂರ ಬಿಟ್ಟುಬರುವ ಉಪಾಯ ಹಲವರಿಗೆ ಹೊಳೆಯುತ್ತದೆ, ಆದರೆ ಒಂಟಾರಿಯೊ ಪ್ರಾಂತ್ಯದ ಕಾನೂನಿನ ಪ್ರಕಾರ ಹಿಡಿದ ಜಾಗದಿಂದ ಒಂದು ಕಿಲೋಮೀಟರಿಗಿಂತ ಆಚೆ ಅದನ್ನು ಬಿಡುವಂತಿಲ್ಲ. ಈ ನಿರ್ಬಂಧಕ್ಕೆ ರೋಗ ಹರಡುವ ಭಯವೂ ಒಂದು ಕಾರಣ. ರಕೂನ್‌ಗಳಲ್ಲಿ ಹರಡುವ ಬಗೆಯ ರೇಬಿಸ್, ಅಂದರೆ ಹುಚ್ಚುನಾಯಿ ರೋಗ, ಒಂಟಾರಿಯೊದಿಂದ 2005ರ ಹೊತ್ತಿಗೆ ತೊಲಗಿಸಲ್ಪಟ್ಟಿದ್ದು, 2015ರ ಡಿಸೆಂಬರಿನಲ್ಲಿ ಹ್ಯಾಮಿಲ್ಟನ್ ನಗರದಲ್ಲಿ ಮತ್ತೆ ಕಾಣಿಸಿಕೊಂಡಾಗ, ಲಸಿಕೆ ಅಡಗಿಸಿದ ತಿಂಡಿಯುಂಡೆಗಳನ್ನು ಕೈಯಿಂದಲೂ ವಿಮಾನದಿಂದಲೂ ಎರಚಬೇಕಾಯಿತು. ಮನೆಯವರ ಮಟ್ಟಿಗೆ ಇದಕ್ಕಿಂತ ಹತ್ತಿರದ ಅಪಾಯ ರಕೂನಿನ ಕರುಳಿನಲ್ಲಿರುವ ಒಂದು ಬಗೆಯ ಜಂತುಹುಳುವಿನದು. ಈ ಪ್ರಾಣಿ ಒಂದೇ ಜಾಗದಲ್ಲಿ, ಹೆಚ್ಚಾಗಿ ಮಾಡಿನ ಮೇಲೆ ಅಥವಾ ಸೌದೆ ರಾಶಿಯ ಮೇಲೆ, ಮತ್ತೆ ಮತ್ತೆ ಮಲ ವಿಸರ್ಜಿಸುತ್ತದೆ. ಆ ಮಲದಲ್ಲಿರುವ ಹುಳುವಿನ ಮೊಟ್ಟೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ಸೋಂಕು ತಗುಲಿಸುವಷ್ಟು ಬಲಿಯುತ್ತವೆ, ಅವು ಮಣ್ಣಾಡುವ ಮಗುವಿನ ಬಾಯಿ ಸೇರಿದರೆ ಅಪರೂಪಕ್ಕಾದರೂ ಮಿದುಳಿಗೆ ಹಾನಿಯಾಗಬಹುದು. ಹೊಸದಿರುವಾಗಲೇ ತೆಗೆದು ಕುದಿನೀರು ಸುರಿಯುವುದು ಇದಕ್ಕೆ ಮದ್ದು.

ಇಷ್ಟೆಲ್ಲ ಉಪಟಳವಿದ್ದೂ ನಗರ ಈ ಪ್ರಾಣಿಯನ್ನು ದ್ವೇಷಿಸುತ್ತದೆಯೇ ಎಂದರೆ ಹೌದೆನ್ನಲು ಬಾರದು. 2015ರ ಜುಲೈನಲ್ಲಿ ಯಂಗ್ ಮತ್ತು ಚರ್ಚ್ ಬೀದಿಗಳು ಕೂಡುವಲ್ಲಿ ಸತ್ತು ಬಿದ್ದಿದ್ದ ರಕೂನೊಂದನ್ನು ನಗರದ ಸಿಬ್ಬಂದಿ ಹಲವು ಗಂಟೆಗಳ ಕಾಲ ತೆಗೆಯದಿದ್ದಾಗ, ದಾರಿಹೋಕರು ಅದಕ್ಕೆ ಕಾನ್ರಾಡ್ ಎಂದು ಹೆಸರಿಟ್ಟು, ಹೂವು, ಮೇಣದ ಬತ್ತಿ, ಚೌಕಟ್ಟು ಹಾಕಿದ ಚಿತ್ರಗಳನ್ನಿರಿಸಿ ರಾತ್ರಿಯವರೆಗೆ ಶ್ರದ್ಧಾಂಜಲಿ ಸಲ್ಲಿಸಿದರು. ಅರ್ಧ ತಮಾಷೆ, ಅರ್ಧ ನಿಜವಾದ ಮರುಕ. ಮೇಯರ್ ಇವುಗಳ ವಿರುದ್ಧದ ಡಬ್ಬಿಯನ್ನು ಪ್ರದರ್ಶಿಸಿ ಆಗ ಮೂರು ತಿಂಗಳಷ್ಟೇ ಕಳೆದಿತ್ತು. ಇಂಥ ಮರುಕದಿಂದ ಹಿತ್ತಲ ಬಾಗಿಲಲ್ಲಿ ಅನ್ನ ಬ್ರೆಡ್ಡು ಇಡುವವರೂ ಇದ್ದರಾಗಿ, 2023ರ ಏಪ್ರಿಲ್‌ನಿಂದ ಕಾಡುಪ್ರಾಣಿಗಳಿಗೆ ಸ್ವಂತ ಜಾಗದಲ್ಲೂ ಆಹಾರ ಹಾಕಕೂಡದೆಂಬ ನಿಯಮ ಟೊರಾಂಟೊದಲ್ಲಿ ಜಾರಿಗೆ ಬಂತು. ಒಂದು ಮನೆಯವರು ಡಬ್ಬಿಗೆ ಚಿಲಕ ಹಾಕಿ ಪಕ್ಕದ ಮನೆಯವರು ತಟ್ಟೆ ಇಟ್ಟರೆ, ಮೂರೇ ಬೀದಿಯ ವಲಯದಲ್ಲಿ ಬದುಕುವ ಪ್ರಾಣಿ ಆ ಕೇರಿಯನ್ನು ಬಿಟ್ಟುಹೋಗಲು ಕಾರಣವೇ ಇರುವುದಿಲ್ಲ.

ಚಿಲಕ ಗಟ್ಟಿಯಾಗಿ ನಿಂತ ರಾತ್ರಿಯ ಮರುಬೆಳಗ್ಗೆ ಲಾರಿ ಬಂದು ಡಬ್ಬಿಯನ್ನೆತ್ತಿ ಬೋರಲು ಹಾಕುತ್ತದೆ, ತೂಕದ ಅಗುಳಿ ಕಳಚುತ್ತದೆ, ಮೂಳೆ ಮುಳ್ಳು ಸಿಪ್ಪೆಗಳೆಲ್ಲ ಜಾರಿ ಬೀಳುತ್ತವೆ. ಅಲ್ಲಿಂದ ಅವು ನಗರದ ಸಂಸ್ಕರಣಾ ಘಟಕ ಸೇರಿ, ಗಾಳಿಯಾಡದ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳಿಂದ ಕೊಳೆತು, ಹಳ್ಳಿಗಳ ಗೋಬರ್ ಗ್ಯಾಸ್ ಗುಂಡಿಯಲ್ಲಿ ಹುಟ್ಟುವಂಥದೇ ಅನಿಲವನ್ನು ಕೊಡುತ್ತವೆ. ಡಫರಿನ್ ಎಂಬ ಘಟಕದಲ್ಲಿ ಈ ಅನಿಲವನ್ನು ಶುದ್ಧೀಕರಿಸಿ ಕೊಳವೆಜಾಲಕ್ಕೆ ಸೇರಿಸುವ ವ್ಯವಸ್ಥೆಯಿದ್ದು, ನಗರಾಡಳಿತದ ವಾಹನಗಳಿಗೆ ಅದು ಇಂಧನವಾಗುತ್ತದೆ. ರಕೂನಿಗೆ ದಕ್ಕದ ಕೋಳಿಮೂಳೆಯ ಬಲದಿಂದ ಓಡುವ ಗಾಡಿ ಮುಂದಿನ ವಾರ ಅದೇ ಬೀದಿಗೆ ಬರುವ ಹೊತ್ತಿಗೆ, ಡಬ್ಬಿಯ ಮುಚ್ಚಳದ ಮೇಲೆ ಒದ್ದೆ ಕೆಸರಿನಲ್ಲಿ ಐದು ಬೆರಳಿನ ಗುರುತುಗಳು ಹಿಡಿಯ ಸುತ್ತಲೂ ಮೂಡಿರುತ್ತವೆ.